ದಾಕ್ಷಾಯಿಣಕ್ಕನ ಬುತ್ತಿ ಸಭೆ

ನಮ್ಮ ಕಡೆ ಒಬ್ಬರ ಮನೆಯಲ್ಲಿ ಊಟ ಮಾಡಿ ಅದೇ ದಿನ ಅವರ ಮಾತಿಗೆ ಎದುರಾಡುವವರು ಯಾರೂ ಇಲ್ಲ. ಇದು ಒಳ್ಳೆಯ ಗುಣವೋ ಕೆಟ್ಟ ಗುಣವೋ ನಾನು ಹೇಳಲಾರೆ. ಆದರೆ ಇದೇ ಗುಣದಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕಿನ ಪ್ರೋಗ್ರಾಮರುಗಳ ಬಳಗವೊಂದು ಹುಟ್ಟಿದ ವರ್ಷವೇ ಮುಚ್ಚಿಹೋಗುವುದರಲ್ಲಿತ್ತು. ಅದನ್ನು ಉಳಿಸಿದವರು ಬಾಳಗಡಿಯ ದಾಕ್ಷಾಯಿಣಕ್ಕ. ಅವರ ಬಗ್ಗೆ ಬರೆಯಲು ಕೂತಿದ್ದೇನೆ. ನಡುವೆ ನನ್ನ ಮಾತು ಹೆಚ್ಚಾದರೆ ಸಹಿಸಿಕೊಳ್ಳಿ, ನಮ್ಮ ಮನೆಯವರೂ ಸಹಿಸಿಕೊಂಡಿದ್ದಾರೆ.

ದಾಕ್ಷಾಯಿಣಕ್ಕ ಹುಟ್ಟಿದ್ದು ಮುತ್ತಿನಕೊಪ್ಪದಲ್ಲಿ. ಮದುವೆಯಾಗಿ ಕೊಪ್ಪಕ್ಕೆ ಬಂದ ಮೇಲೆ ಬಾಳಗಡಿಯಲ್ಲಿ ಒಂದು ಟೈಪಿಂಗ್ ಶಾಲೆ ತೆರೆದರು. ಕಾಲೇಜಿಗೆ ಬರುವ ಹುಡುಗಿಯರಿಗೆ ಬೆರಳು ಕೂರಿಸುವುದನ್ನು ಕಲಿಸುತ್ತಾ ಇದ್ದವರು, ಕಂಪ್ಯೂಟರ್ ಬಂತು ಅಂತ ಗೊತ್ತಾದ ಕೂಡಲೇ ವಾರಕ್ಕೊಮ್ಮೆ ಶಿವಮೊಗ್ಗದ ಬಸ್ಸು ಹತ್ತಿ ಹೋಗಿ ಫಾಕ್ಸ್‌ಪ್ರೋ ಎಂಬ ಪ್ರೋಗ್ರಾಂ ಭಾಷೆ ಕಲಿತುಬಂದರು. ಆಮೇಲೆ ಸಹಕಾರ ಸಂಘಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡಲು ಶುರುಮಾಡಿದರು. ಸಂಘದವರು ಮೊದಮೊದಲು ನಕ್ಕರು. ಆಮೇಲೆ ಒಂದು ಸಂಘ ಹಾಕಿಸಿಕೊಂಡಿತು, ಅದನ್ನು ನೋಡಿ ಇನ್ನೊಂದು ಹಾಕಿಸಿಕೊಂಡಿತು, ನಮ್ಮ ಕಡೆ ಎಲ್ಲವೂ ನಡೆಯುವುದು ಹೀಗೇ. ಹತ್ತು ವರ್ಷ ಕಳೆಯುವಷ್ಟರಲ್ಲಿ ಮೂರು ತಾಲ್ಲೂಕಿನ ಅರ್ಧಕ್ಕರ್ಧ ಸಂಘಗಳು ಅವರ ಪ್ರೋಗ್ರಾಮಿನಲ್ಲೇ ರಶೀದಿ ಹರಿಯುತ್ತಿದ್ದವು.

ಅವರ ಗಂಡ ಪರಮೇಶ್ವರಪ್ಪ ಲೈನ್‌ಮನ್. ಹಾಗಾಗಿ ಗಾಳಿಮಳೆ ಬಂತೆಂದರೆ ಆ ಮನೆಯಲ್ಲಿ ಇಬ್ಬರೂ ಇರುತ್ತಿರಲಿಲ್ಲ. ಲೈನಿನ ಮೇಲೆ ಮರ ಬಿತ್ತು ಅಂತ ಗಂಡ ಹೊರಟರೆ, ಕರೆಂಟು ಹೋಗಿ ಲೆಕ್ಕ ಕೆಟ್ಟಿತು ಅಂತ ಹೆಂಡತಿ ಹೊರಡುತ್ತಿದ್ದರು. "ಗಂಡ ಕರೆಂಟು ತೆಗೆಯೋದು, ಹೆಂಡ್ತಿ ಕಂಪ್ಯೂಟರ್ ರಿಪೇರಿ ಮಾಡೋದು, ಒಳ್ಳೆ ಜೋಡಿ ಮಾರಾಯ" ಅಂತ ಪೇಟೆಯಲ್ಲಿ ತಮಾಷೆ ಮಾಡುತ್ತಿದ್ದರು. ಎದುರಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ದಾಕ್ಷಾಯಿಣಕ್ಕನ ಬಾಯಿ ಎಲ್ಲರಿಗೂ ಗೊತ್ತಿತ್ತು.

ಲೆಕ್ಕ ಕೆಡುವುದು ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಆಮೇಲೆ ಈ ತಂಟೆ ಇಲ್ಲ. ಸಾವಿರ ಸದಸ್ಯರಲ್ಲಿ ಒಬ್ಬರ ಹೆಸರನ್ನು ಥಟ್ಟನೆ ಹುಡುಕಿಕೊಡಲು ಕಂಪ್ಯೂಟರಿನಲ್ಲಿ ಇಂಡೆಕ್ಸ್ ಅಂತ ಒಂದು ಫೈಲು ಇರುತ್ತದೆ. ಅದಕ್ಕೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅದರ ತಲೆ ಕೆಡುತ್ತದೆ. ಸುಬ್ಬಯ್ಯನ ಲೆಕ್ಕ ಕೇಳಿದರೆ ಶೇಷಮ್ಮನದು ತೋರಿಸುತ್ತದೆ, ಒಮ್ಮೊಮ್ಮೆ ಅಂಥವರು ಸಂಘದಲ್ಲೇ ಇಲ್ಲ ಅನ್ನುತ್ತದೆ. ಯುಪಿಎಸ್ ಇಟ್ಟರೆ ಸಾಲದೇ ಅಂತ ಬಯಲುಸೀಮೆಯವರು ಕೇಳುತ್ತಾರೆ. ನಮ್ಮ ಮಳೆಗಾಲದಲ್ಲಿ ಕರೆಂಟು ಒಂದು ಗಳಿಗೆ ಬಂದು ಮೂರು ಸಲ ಮಿಣುಕಿ ಮತ್ತೆ ಹೋಗುತ್ತದೆ, ಯುಪಿಎಸ್ಸಿನ ಬ್ಯಾಟರಿ ತುಂಬುವುದು ಯಾವಾಗ? ಎರಡು ವರ್ಷಕ್ಕೆ ಅದು ಬರೀ ಭಾರದ ಡಬ್ಬಿ.

ಎರಡು ಸಾವಿರದ ಐದನೇ ಇಸವಿಯ ಮಳೆಗಾಲದಲ್ಲಿ ಆದದ್ದು ಇದೇ. ಮುತ್ತಿನಕೊಪ್ಪದ ಆಚೆ ಒಂದು ಸಣ್ಣ ಸಂಘ, ಹೆಸರು ಬೇಡ. ಅಡಿಕೆಗೆ ಕೊಳೆರೋಗ ಬಾರದಂತೆ ಔಷಧಿ ಹೊಡೆಯಲು ಮೈಲುತುತ್ತ ಬೇಕು, ಅದನ್ನು ಹೊಡೆಯಲು ಮಳೆ ಸ್ವಲ್ಪ ನಿಂತು ಹೊಳವಾಗಬೇಕು. ಹೊಳವಾದ ದಿನ ಅದನ್ನು ಸಂಘದಲ್ಲಿ ಲೆಕ್ಕದ ಮೇಲೆ ಕೊಳ್ಳಲು ಜನ ಬೆಳಗ್ಗೆಯೇ ಬಂದು ಸಾಲು ನಿಂತರು. ಕರೆಂಟು ಹೋಗಿ ಬಂತು, ಲೆಕ್ಕ ಕೆಟ್ಟಿತು. ಯಾರಿಗೆ ಎಷ್ಟು ಕೊಡಬಹುದು ಅಂತ ನೋಡಲು ಕಾರ್ಯದರ್ಶಿ ಶಾಂತವೀರಪ್ಪನವರಿಗೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಕಂಪ್ಯೂಟರ್ ಬಂದ ಮೇಲೆ ಪುಸ್ತಕ ಬರೆಯುವುದನ್ನು ಬಿಟ್ಟಿದ್ದರು. ದಾಕ್ಷಾಯಿಣಕ್ಕ ಎರಡು ಬಸ್ಸು ಬದಲಾಯಿಸಿ ಬಂದು ಸರಿಮಾಡುವಷ್ಟರಲ್ಲಿ ಸಂಜೆಯಾಗಿತ್ತು. ಮಾರನೆಯ ದಿನದಿಂದ ಮತ್ತೆ ಮಳೆ ಹಿಡಿಯಿತು. ಸಾಲಿನಲ್ಲಿ ನಿಂತಿದ್ದ ವನಜಮ್ಮ ಎಂಬ ಹೆಂಗಸಿನ ತೋಟಕ್ಕೆ ಆ ವರ್ಷ ಔಷಧಿ ಬೀಳಲಿಲ್ಲ, ಕೊಳೆ ಬಂದು ಕಾಯಿ ಉದುರಿತು.

ಸೆಪ್ಟೆಂಬರಿನ ಮಹಾಸಭೆಯಲ್ಲಿ ವನಜಮ್ಮ ಎದ್ದು ನಿಂತು ಹೇಳಿದ್ದು ಒಂದೇ ಮಾತು. "ನಂಗೆ ಕಂಪ್ಯೂಟರ್ ಮೇಲೆ ಸಿಟ್ಟಿಲ್ಲ. ಮಳೆಗಾಲದಲ್ಲಿ ಕೆಲಸ ಮಾಡದೆ ಇದ್ದದ್ದು ನಮಗೆ ಎಂತಕ್ಕೆ?" ಸಭೆ ತಲೆದೂಗಿತು. ಬರುವ ವರ್ಷದ ಮಹಾಸಭೆಯೊಳಗೆ ಇದಕ್ಕೊಂದು ದಾರಿ ಆಗದಿದ್ದರೆ ಕಂಪ್ಯೂಟರನ್ನು ಬಟ್ಟೆ ಹೊದಿಸಿ ಮೂಲೆಗಿಡುವುದು, ಪುಸ್ತಕಕ್ಕೆ ವಾಪಸ್ ಹೋಗುವುದು ಅಂತ ತೀರ್ಮಾನವಾಯಿತು. ಬೇರೆ ಸಂಘಗಳೂ ಕಿವಿ ನಿಮಿರಿಸಿಕೊಂಡು ಕೂತಿದ್ದವು. ಒಂದು ಬಿಟ್ಟರೆ ಇನ್ನೊಂದು ಬಿಡುತ್ತದೆ. ದಾಕ್ಷಾಯಿಣಕ್ಕ ಹತ್ತು ವರ್ಷ ಬಸ್ಸಿನಲ್ಲಿ ಅಲೆದು ಕಟ್ಟಿದ್ದು ಒಂದೇ ಮಳೆಗಾಲಕ್ಕೆ ಕೊಚ್ಚಿಕೊಂಡು ಹೋಗುವುದರಲ್ಲಿತ್ತು. ಅವರು ಒಬ್ಬರೇ ಕೂತು ಏನೇನೋ ಮಾಡಿ ನೋಡಿದರು, ಆಗಲಿಲ್ಲ. ಇದು ಒಬ್ಬರ ತಲೆಯ ಕೆಲಸ ಅಲ್ಲ ಅಂತ ಅವರಿಗೇ ಗೊತ್ತಾಗಿತ್ತು.

ಅಷ್ಟರಲ್ಲಿ ನಮ್ಮ ಬಳಗ ಶುರುವಾಯಿತು. ಶುರುಮಾಡಿದವರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ ರೇಣುಕಾಪ್ರಸಾದ್ ಮೇಷ್ಟ್ರು. ಮೂರು ತಾಲ್ಲೂಕಿನಲ್ಲಿ ಪ್ರೋಗ್ರಾಂ ಬರೆಯುವವರು ಒಂದು ಹತ್ತು ಹನ್ನೆರಡು ಜನ ಇದ್ದೇವೆ, ತಿಂಗಳಿಗೊಮ್ಮೆ ಸಭೆ ಸೇರಿ ಯಾವುದಾದರೂ ಒಂದು ವಿಷಯ ಗೊತ್ತುಮಾಡಿ ವಾರವಾರ ಕೂತು ಕಲಿಯೋಣ ಎಂಬುದು ಅವರ ಆಸೆ. ಶೃಂಗೇರಿಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ನವೀನ ಬಂದ. ನರಸಿಂಹರಾಜಪುರದಿಂದ ನಾನು ಹೋದೆ. ನನ್ನ ಹೆಸರು ಸಿದ್ದಾರ್ಥ, ಹೆಸರಿಗೆ ತಕ್ಕ ಶಾಂತಿ ನನ್ನಲ್ಲಿ ಹುಡುಕಬೇಡಿ. ಅಕ್ಕಿ ಗಿರಣಿ, ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಂ ಬರೆದು ಬದುಕುವವನು ನಾನು. ದಾಕ್ಷಾಯಿಣಕ್ಕ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಮೊದಲ ಸಭೆ ಮೇಷ್ಟ್ರ ಮನೆಯಲ್ಲಿ. ಹೋಳಿಗೆ ಊಟ. ತುಪ್ಪ ಬೇಡ ಅಂದವರ ಎಲೆಗೂ ತುಪ್ಪ ಬಿತ್ತು. ಊಟವಾಗಿ ಎಲೆಅಡಿಕೆ ಹಾಕಿಕೊಂಡ ಮೇಲೆ ಮೇಷ್ಟ್ರು, "ನಮ್ಮ ಬಳಗದ ವಿಷಯ ಜಾವಾ ಇರ್ಲಿ ಅಂತ ನನ್ನ ಅಭಿಪ್ರಾಯ. ನಿಮಗೇನನ್ಸುತ್ತೆ?" ಅಂದರು. ಅವರ ಹೆಂಡತಿ ಆಗಷ್ಟೇ ಬಾಳೆಹಣ್ಣು ಹಂಚುತ್ತಿದ್ದರು. ಎಲ್ಲರೂ ಕೈ ಎತ್ತಿದೆವು. ದಾಕ್ಷಾಯಿಣಕ್ಕನ ಕೈಯೂ ಮೇಲಿತ್ತು.

ಜಾವಾ ಕಲಿಯಲು ಮುಂದಿನ ವಾರ ಒಬ್ಬನೂ ಬರಲಿಲ್ಲ.

ಎರಡನೆಯ ಸಭೆ ಶೃಂಗೇರಿಯಲ್ಲಿ ನವೀನನ ಮನೆಯಲ್ಲಿ. ಅವನ ತಾಯಿ ಒತ್ತುಶಾವಿಗೆ ಮಾಡಿ ಕಾಯಿಹಾಲು ಹಾಕಿ ಬಡಿಸಿದರು. ನವೀನನಿಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸಿನ ಹುಚ್ಚು, ಅದರ ಸಿ.ಡಿ.ಗಳನ್ನು ಪ್ರಸಾದ ಕೊಟ್ಟ ಹಾಗೆ ಸಿಕ್ಕವರಿಗೆಲ್ಲ ಕೊಡುತ್ತಿದ್ದ. ಬಳಗದ ವಿಷಯ ಲಿನಕ್ಸ್ ಎಂದು ಆ ದಿನ ಒಮ್ಮತದಿಂದ ಬದಲಾಯಿತು. ಮೇಷ್ಟ್ರೂ ಕೈ ಎತ್ತಿದರು, ಅವರೂ ಶಾವಿಗೆ ಎರಡು ಸಲ ಹಾಕಿಸಿಕೊಂಡಿದ್ದರಲ್ಲ. ಮುಂದಿನ ವಾರ ಶೃಂಗೇರಿಗೆ ಯಾರೂ ಹೋಗಲಿಲ್ಲ.

ಮೂರನೆಯದು ನಮ್ಮ ಮನೆಯಲ್ಲಿ. ನನ್ನ ಹೆಂಡತಿ ನಿಶ್ಚಿತಾ ಅಕ್ಕಿ ರೊಟ್ಟಿ, ಹಲಸಿನಕಾಯಿ ಪಲ್ಯ, ಮಿಡಿ ಉಪ್ಪಿನಕಾಯಿ ಇಟ್ಟಳು. ವಿಷಯ ವಿಶುವಲ್ ಬೇಸಿಕ್ ಆಗಲಿ ಅಂತ ನಾನು ಹೇಳಿ ಮುಗಿಸುವ ಮೊದಲೇ ಕೈಗಳು ಎದ್ದವು. ನನ್ನ ಮಾತಿಗೆ ಅಷ್ಟು ತೂಕ ಇದೆಯಲ್ಲ ಅಂತ ಖುಷಿಯಾಯಿತು. ಅವರೆಲ್ಲ ಹೋದ ಮೇಲೆ ನಿಶ್ಚಿತಾ ಪಾತ್ರೆ ತೊಳೆಯುತ್ತಾ, "ಕೈ ಎತ್ತಿದ್ದು ನಿಮ್ಮ ಮಾತಿಗಲ್ಲ, ಪಲ್ಯಕ್ಕೆ" ಅಂದಳು. ಮುಂದಿನ ವಾರ ಯಾರೂ ಬರದಿದ್ದಾಗ ಅವಳ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ.

ಮೂರು ಸಭೆಗೆ ಮೂರು ವಿಷಯ, ಮೂರಕ್ಕೂ ಒಮ್ಮತ, ಮೂರಕ್ಕೂ ಜನ ಇಲ್ಲ. ದಾಕ್ಷಾಯಿಣಕ್ಕ ಮೂರು ಕಡೆಯೂ ತಮ್ಮ ಕಷ್ಟ ಹೇಳಲು ಬಾಯಿ ತೆರೆದಿದ್ದರು, ಮೂರು ಕಡೆಯೂ ಮನೆಯವರು ಇನ್ನೊಂದು ಸೌಟು ಬಡಿಸಿ ಆ ಬಾಯಿ ಮುಚ್ಚಿಸಿದ್ದರು. ಅಷ್ಟು ಹೊತ್ತಿಗೆ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಬಳಗದವರು ಸೇರಿ ಕೆಲಸ ಮಾಡಿದರೆ ಮಹಾಸಭೆಯೊಳಗೆ ಏನಾದರೂ ಆದೀತು, ಇಲ್ಲದಿದ್ದರೆ ಇಲ್ಲ.

ನಾನು ಬಾಳಗಡಿಗೆ ಹೋದಾಗ ಅವರಿಗೆ ಒಂದು ಉಪಾಯ ಹೇಳಿದೆ. "ಅಕ್ಕ, ಮುಂದಿನ ಸಭೆ ನಿಮ್ಮ ಮನೇಲಿ ಇಟ್ಕೊಳ್ಳಿ. ಒಂದು ಪಾಯಸ ಮಾಡಿ. ನೀವು ಹೇಳಿದ್ದಕ್ಕೆ ಎಲ್ಲ ಕೈ ಎತ್ತುತ್ತಾರೆ, ನಾನೇ ಮೊದಲು ಎತ್ತುತ್ತೀನಿ."

ಅವರು ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಹೋಳಿಗೆ ತಿಂದು ಜಾವಾಕ್ಕೆ ಎತ್ತಿದ್ದೂ ನಿನ್ನ ಕೈಯೇ ಅಲ್ವನಾ? ಎಲ್ಲಿ ಆ ಜಾವಾ? ಊಟ ಹಾಕಿ ತಗೊಂಡ ಒಪ್ಪಿಗೆ ಕೈ ತೊಳೆಯೋ ತನಕ ಮಾತ್ರ ಇರ್ತದೆ ಸಿದ್ದಾರ್ಥ. ನಂಗೆ ಕೈ ಎತ್ತೋರು ಬೇಡ, ಮರುವಾರ ಬರೋರು ಬೇಕು."

"ಹಾಗಾದ್ರೆ ಹೋಟ್ಲಲ್ಲಿ ಸೇರಣ."

"ಹೋಟ್ಲಲ್ಲಿ ಬಿಲ್ಲು ಕೊಡೋಕೆ ಜಗಳ ಮಾಡ್ತೀರಿ. ಗೆದ್ದು ಕೊಟ್ಟವನೇ ಆ ದಿನದ ಯಜಮಾನ. ಮತ್ತೆ ಅದೇ ಕಥೆ."

ನಾನೇ ಎಷ್ಟೋ ಸಲ ಹಾಗೆ ಗೆದ್ದವನು.

ಎರಡು ದಿನ ಬಿಟ್ಟು ಎಲ್ಲರಿಗೂ ಫೋನ್ ಬಂತು. ಮುಂದಿನ ಭಾನುವಾರ ಬೆಳಗ್ಗೆ ಭಂಡಿಗಡಿಯ ಬಸ್ ತಂಗುದಾಣದಲ್ಲಿ ಸಭೆ. ಆ ಊರಿನಲ್ಲಿ ನಮ್ಮವರ ಪೈಕಿ ಯಾರ ಮನೆಯೂ ಇಲ್ಲ, ನೆಂಟರೂ ಇಲ್ಲ, ಅದಕ್ಕೇ ಆ ಜಾಗ. ಪ್ರತಿಯೊಬ್ಬರೂ ಅವರವರ ಮನೆಯಿಂದ ಬುತ್ತಿ ತರಬೇಕು, ನೀರೂ ತರಬೇಕು. ಮೇಷ್ಟ್ರು ನನಗೆ ಫೋನ್ ಮಾಡಿ, "ಏನ್ರೀ ಇದು, ಕಂಪ್ಯೂಟರ್ ಬಳಗದ ಸಭೆ ಬಸ್ ಸ್ಟಾಪಲ್ಲಾ? ಪ್ರೊಜೆಕ್ಟರ್ ಎಲ್ಲಿಡೋದು?" ಅಂತ ಕೇಳಿದರು. ಮೈಲುಗಲ್ಲಿನ ಮೇಲೆ ಇಡಿ ಸರ್ ಅಂದೆ. ಅವರು ನಗಲಿಲ್ಲ.

ಆದರೂ ಎಲ್ಲರೂ ಬಂದರು. ಇದೇನು ವಿಚಿತ್ರ ನೋಡೋಣ ಅಂತಲೇ ಬಂದರು. ತಂಗುದಾಣದ ಕಲ್ಲುಬೆಂಚಿನ ಮೇಲೆ ಅರ್ಧ ಜನ, ಕಟ್ಟೆಯ ಮೇಲೆ ಅರ್ಧ ಜನ ಕೂತೆವು. ಬಸ್ಸು ಬಂದಾಗಲೆಲ್ಲ ನಿಂತು, ಕಂಡಕ್ಟರ್ ಬಗ್ಗಿ, "ಹತ್ತಲ್ವಾ?" ಅಂತ ಕೇಳಿ, ಒಬ್ಬರೂ ಏಳದ್ದನ್ನು ಕಂಡು ಬೈದುಕೊಂಡು ಹೋಗುತ್ತಿದ್ದ. ಬುತ್ತಿ ಬಿಚ್ಚಿದಾಗ ನಾನು ರೂಢಿಯಂತೆ ಉಪ್ಪಿನಕಾಯಿ ಡಬ್ಬಿಯನ್ನು ನವೀನನ ಕಡೆ ಚಾಚಿದೆ. ದಾಕ್ಷಾಯಿಣಕ್ಕ ಅದನ್ನು ನಡುದಾರಿಯಲ್ಲೇ ತಡೆದರು. "ಇವತ್ತು ಉಪ್ಪಿನಕಾಯಿಯೂ ಹಂಚೋ ಹಾಗಿಲ್ಲ. ಯಾರ ಋಣವೂ ಯಾರಿಗೂ ಬೇಡ."

ಊಟ ಮುಗಿಯಿತು. ಎಲ್ಲರೂ ಅವರವರ ಡಬ್ಬಿ ಅವರವರೇ ಮುಚ್ಚಿದೆವು. ಆಗ ಅವರು ಒಂದು ಪ್ರಶ್ನೆ ಕೇಳಿದರು. "ಏನು ಕಲಿಯೋಕೆ ಆಸೆ ಅಂತ ಹೇಳ್ಬೇಡಿ. ಅದು ಮೂರು ಸಲ ಆಯ್ತು. ನಿಮ್ಮ ಗಿರಾಕಿ ಕೊನೇ ಸಲ ಎಂತಕ್ಕೆ ಫೋನ್ ಮಾಡಿ ಬೈದರು, ಅದನ್ನು ಹೇಳಿ."

ನಾನೇ ಮೊದಲು ಶುರುಮಾಡಿದೆ. ಅಕ್ಕಿ ಗಿರಣಿಯಲ್ಲಿ ಕರೆಂಟು ಹೋಗಿ ಒಂದು ದಿನದ ಬಿಲ್ಲೆಲ್ಲ ಗಾಳಿಗೆ ಹೋಗಿತ್ತು, ಗಿರಣಿಯವರು ನನ್ನ ವಂಶವನ್ನೆಲ್ಲ ನೆನೆದಿದ್ದರು. ನವೀನ ಹೇಳಿದ, ಸೆಂಟರಿನ ಗಂಟೆ ಲೆಕ್ಕ ಕರೆಂಟು ಹೋದಾಗಲೆಲ್ಲ ಸೊನ್ನೆಗೆ ಬರುತ್ತದೆ, ಗಿರಾಕಿಗಳು ನಾನು ಈಗಷ್ಟೇ ಕೂತದ್ದು ಅಂತ ವಾದಿಸುತ್ತಾರೆ. ಮೆಡಿಕಲ್ ಶಾಪಿಗೆ ಬರೆದುಕೊಟ್ಟವನದೂ ಅದೇ, ಬಸ್ ಆಫೀಸಿಗೆ ಬರೆದುಕೊಟ್ಟವನದೂ ಅದೇ. ಹೇಳುತ್ತಾ ಹೇಳುತ್ತಾ ನಮಗೇ ನಗು ಬರತೊಡಗಿತು. ಮೂರು ತಿಂಗಳು ಒಬ್ಬರ ಮನೆಯಲ್ಲಿ ಒಬ್ಬರು ಉಂಡಿದ್ದೆವು, ಎಲ್ಲರ ಹೊಟ್ಟೆನೋವು ಒಂದೇ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ, ಎದುರಿಗೆ ಎಲೆ ಇದ್ದಾಗ ಕಷ್ಟ ಹೇಳಿಕೊಳ್ಳುವುದು ಮರ್ಯಾದೆ ಅಲ್ಲವಲ್ಲ.

"ಹಾಗಾದ್ರೆ ನಮ್ಮ ಬಳಗದ ವಿಷಯ ಇದೇ ಆಗ್ಲಿ," ಅಂದರು ದಾಕ್ಷಾಯಿಣಕ್ಕ. "ಕರೆಂಟು ಯಾವಾಗ ಬೇಕಾದ್ರೂ ಹೋಗ್ಲಿ, ಲೆಕ್ಕ ಕೆಡಬಾರದು. ಅದನ್ನು ಯಾವ ಭಾಷೆಲಿ ಬೇಕಾದ್ರೂ ಬರೀರಿ."

ಆಗ ನಮ್ಮ ಬಳಗದ ಇತಿಹಾಸದಲ್ಲಿ ಮೊದಲ ಬಾರಿಗೆ ಒಬ್ಬರು ಇನ್ನೊಬ್ಬರ ಮಾತನ್ನು ಮುಖದೆದುರೇ ಒಪ್ಪಲಿಲ್ಲ. ರೇಣುಕಾಪ್ರಸಾದ್ ಮೇಷ್ಟ್ರು ಎದ್ದು ನಿಂತರು. "ನಾನು ಒಪ್ಪಲ್ಲ. ಇದು ಕರೆಂಟಿನ ಸಮಸ್ಯೆ, ನಮ್ಮದಲ್ಲ. ಇವತ್ತಲ್ಲ ನಾಳೆ ಲೈನು ಸರಿಯಾಗುತ್ತೆ, ಆಗ ನಾವು ಕಲಿತದ್ದು ಏನಾಯ್ತು? ಜಾವಾ ಆದ್ರೆ ಎಲ್ಲಿ ಹೋದ್ರೂ ನಡೆಯುತ್ತೆ."

"ಸರ್, ನೀವು ಕಾಲೇಜಲ್ಲಿ ವಾರವೆಲ್ಲ ಜಾವಾ ಹೇಳ್ಕೊಡ್ತೀರಿ, ಅದು ಒಳ್ಳೇದೇ. ಭಾನುವಾರ ಒಂದು ದಿನ ಇದಕ್ಕೆ ಬನ್ನಿ. ಲೈನು ಸರಿಯಾಗೋ ವಿಷಯ ನನ್ನ ಯಜಮಾನ್ರನ್ನ ಕೇಳಿ. ಮದುವೆ ಆದಾಗಿಂದ ನಾಳೆ ಸರಿಯಾಗುತ್ತೆ ಅಂತಿದ್ದಾರೆ."

ಮೇಷ್ಟ್ರು ಬಿಡಲಿಲ್ಲ, ಅಕ್ಕನೂ ಬಿಡಲಿಲ್ಲ. ಮೂರು ಬಸ್ಸು ಬಂದು ಹೋದವು. ಜೋರು ದನಿಗೆ ರಸ್ತೆಯಾಚೆ ಅಂಗಡಿಯವನು ಹೊರಗೆ ಬಂದು ನೋಡಿದ. ಬಳಗ ಒಡೆಯಿತು ಅಂದುಕೊಂಡೆ ನಾನು. ಕೊನೆಗೆ ಕೈ ಎತ್ತುವುದಾಯಿತು. ಪರವಾಗಿ ಎಂಟು ಜನ, ಎದುರು ಮೂವರು. ಮೇಷ್ಟ್ರು ಎದುರಿಗೆ ಎತ್ತಿದ ಕೈಯನ್ನು ಎಲ್ಲರೂ ನೋಡಲಿ ಅಂತ ಸ್ವಲ್ಪ ಹೊತ್ತು ಇಳಿಸಲೇ ಇಲ್ಲ. ಆಮೇಲೆ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕೊಪ್ಪದ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಬಾಳಗಡಿಯ ಟೈಪಿಂಗ್ ಶಾಲೆಗೆ ಎಲ್ಲರಿಗಿಂತ ಮೊದಲು ಬಂದವರು ಮೇಷ್ಟ್ರೇ. ಕೈಯಲ್ಲಿ ಬುತ್ತಿ, ಕಂಕುಳಲ್ಲಿ ದಪ್ಪ ಪುಸ್ತಕ. "ನಾನು ಸೋತೆ, ಸರಿ. ಸೋತ ಮೇಲೆ ಕೆಲಸ ಮಾಡಬೇಕಲ್ಲ," ಅಂದರು. ಎರಡು ಸಲ ಒಪ್ಪಿ ಬಾರದಿದ್ದವರು ಒಪ್ಪದೆ ಬಂದಿದ್ದರು. ನನಗೆ ಆವತ್ತು ಅವರ ಮೇಲೆ ಹುಟ್ಟಿದ ಗೌರವ ಈಗಲೂ ಹಾಗೇ ಇದೆ.

ಮುಂಗಾರು ಹಿಡಿದಾಗಿನಿಂದ ಬಿಡುವತನಕ ನಾವು ಕೂತದ್ದು ಅಲ್ಲಿಯೇ. ದಾರಿ ಸಿಕ್ಕಿದ್ದು ಎಲ್ಲರ ಮಾತಿನಿಂದ. ಲಿನಕ್ಸಿನಲ್ಲಿ ಡಿಸ್ಕಿಗೆ ಏನಾದರೂ ಬರೆಯುವ ಮುನ್ನ, ಏನು ಬರೆಯುತ್ತೇನೆ ಎಂಬುದನ್ನು ಬೇರೆ ಕಡೆ ಗುರುತು ಹಾಕಿಕೊಳ್ಳುವ ಪದ್ಧತಿ ಇದೆ ಅಂತ ನವೀನ ಹೇಳಿದ. ದೊಡ್ಡ ಬ್ಯಾಂಕುಗಳಲ್ಲೂ ಅದೇ ಅಂತ ಮೇಷ್ಟ್ರು ಪುಸ್ತಕ ಬಿಚ್ಚಿ ತೋರಿಸಿದರು. ದಾಕ್ಷಾಯಿಣಕ್ಕನಿಗೆ ಅದು ಕೂಡಲೇ ಅರ್ಥವಾಯಿತು, ಏಕೆಂದರೆ ಸಂಘದಲ್ಲಿ ಅಡಿಕೆ ತೂಗುವವನೂ ಹಾಗೇ ಮಾಡುತ್ತಾನೆ, ಮೊದಲು ಚೀಟಿ ಬರೆದಿಟ್ಟು ಆಮೇಲೆ ಲೆಕ್ಕಕ್ಕೆ ಸೇರಿಸುತ್ತಾನೆ. ನಮ್ಮ ಪ್ರೋಗ್ರಾಮೂ ಮೊದಲು ಒಂದು ಚೀಟಿ ಬರೆದು ಭದ್ರ ಮಾಡುವುದು. ಕರೆಂಟು ಬಂದಮೇಲೆ ತಾನೇ ಚೀಟಿಗಳನ್ನು ನೋಡಿ, ಲೆಕ್ಕಕ್ಕೆ ಸೇರದೆ ಉಳಿದದ್ದನ್ನು ಸೇರಿಸಿ, ಇಂಡೆಕ್ಸನ್ನು ಹೊಸದಾಗಿ ಕಟ್ಟಿಕೊಳ್ಳುವುದು. ಹೇಳುವುದು ಸುಲಭ. ಮಾಡುವಾಗ ಜಗಳಕ್ಕೆ ಲೆಕ್ಕವೇ ಇರಲಿಲ್ಲ. ಎಲ್ಲರೂ ಸ್ವಂತ ಬುತ್ತಿ ಉಂಡು ಧೈರ್ಯವಾಗಿ ಜಗಳವಾಡಿದೆವು. ಪರೀಕ್ಷೆಗೆ ಕರೆಂಟು ತೆಗೆಯುವ ಕಷ್ಟವೂ ನಮಗೆ ಇರಲಿಲ್ಲ, ಅದು ತಾನಾಗಿಯೇ ಹೋಗುತ್ತಿತ್ತು.

ಸೆಪ್ಟೆಂಬರ್ ಬಂತು, ಮಹಾಸಭೆಯೂ ಬಂತು. ದಾಕ್ಷಾಯಿಣಕ್ಕ ಆ ದಿನ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಅವರಿಗೆ ಭಯವಾಗಿದೆ ಅಂತ ಅದರಿಂದಲೇ ನನಗೆ ಗೊತ್ತಾಯಿತು. ಸಂಘದ ಹಜಾರ ತುಂಬಿತ್ತು. ಗೋಡೆಯ ಬದಿಗೆ ಹೊಸ ಲೆಕ್ಕದ ಪುಸ್ತಕಗಳ ಕಟ್ಟು ಆಗಲೇ ಬಂದು ಕೂತಿತ್ತು, ಕಾರ್ಯದರ್ಶಿ ಶಾಂತವೀರಪ್ಪನವರು ಮುಂದಾಲೋಚನೆಯ ಮನುಷ್ಯ. ಮೇಜಿನ ಮೇಲೆ ಕಂಪ್ಯೂಟರ್. ಯುಪಿಎಸ್ಸನ್ನು ಎಲ್ಲರ ಎದುರಿಗೆ ಕಳಚಿ ಪಕ್ಕಕ್ಕಿಟ್ಟೆವು. ಲೆಕ್ಕ ಬರೆಯುತ್ತಿರುವಾಗಲೇ ಮೇನ್ ಸ್ವಿಚ್ ಎಳೆಯುವುದು, ಲೆಕ್ಕ ಉಳಿದರೆ ಕಂಪ್ಯೂಟರ್ ಉಳಿಯುತ್ತದೆ ಅಂತ ಮಾತಾಗಿತ್ತು.

ನಾಡಗೀತೆ ಮುಗಿಯಿತು, ವರದಿ ಓದಿ ಆಯಿತು, ನಮ್ಮ ಸರದಿ ಬಂತು. ಆಗ ನೋಡಿದರೆ ಕರೆಂಟೇ ಇಲ್ಲ.

ತೆಗೆಯಲು ಕರೆಂಟು ಬೇಕಲ್ಲ. ಸಭೆ ಮೊದಲು ಗುಸುಗುಸು ಅಂತು, ಆಮೇಲೆ ನಗತೊಡಗಿತು. ಶಾಂತವೀರಪ್ಪನವರು ಗಡಿಯಾರ ನೋಡಿದರು. ನಾನು ಪರಮೇಶ್ವರಪ್ಪನವರಿಗೆ ಫೋನ್ ಮಾಡಿದೆ. ಅವರು ಆಗಲೇ ಎಲ್ಲೋ ಕಂಬದ ಮೇಲಿದ್ದರು. "ಹಲಸಿನ ಕೊಂಬೆ ಬಿದ್ದದೆ ಮಾರಾಯ. ನಾನೂ ನಮ್ಮೋಳ ಸಲುವಾಗೇ ಒದ್ದಾಡ್ತಿದೀನಿ, ಹೇಳು ಅವಳಿಗೆ" ಅಂದರು. ಹೇಳಿದೆ. ದಾಕ್ಷಾಯಿಣಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಸಂಘದವರು ಜನ ಏಳದಿರಲಿ ಅಂತ ಕಾಫಿ ಹಂಚಿದರು. ಬಳಗದವರು ಒಬ್ಬರೂ ಮುಟ್ಟಲಿಲ್ಲ, ಅಷ್ಟರಮಟ್ಟಿಗೆ ನಾವು ತಯಾರಾಗಿದ್ದೆವು.

ಕಾಫಿ ಮುಗಿಯುವ ಹೊತ್ತಿಗೆ ಫ್ಯಾನು ತಿರುಗಿತು. ಕರೆಂಟು ಬಂದದ್ದಕ್ಕೆ ನಮ್ಮ ಕಡೆ ಜನ ಅಷ್ಟು ಸಂತೋಷಪಟ್ಟದ್ದನ್ನು ನಾನು ಆಗಲೇ ನೋಡಿದ್ದು. ದಾಕ್ಷಾಯಿಣಕ್ಕ ಕಂಪ್ಯೂಟರಿನ ಮುಂದೆ ಕೂತು ಸುಬ್ಬಯ್ಯ ಎಂಬ ಸದಸ್ಯರ ಹೆಸರಿಗೆ ಮೈಲುತುತ್ತ, ಸುಣ್ಣ ಅಂತ ಹೊಡೆಯತೊಡಗಿದರು. ಶಾಂತವೀರಪ್ಪನವರು ಸ್ವಿಚ್ಚಿನ ಹತ್ತಿರ ಹೋಗಿ, "ಈಗ ಎಳೀಲಾ ದಾಕ್ಷಾಯಿಣಮ್ಮ?" ಅಂತ ಕೇಳಿದರು.

"ತಡೀರಿ," ಅಂತ ಹಿಂದಿನಿಂದ ಒಂದು ದನಿ ಬಂತು. ವನಜಮ್ಮ. ಅವರು ಜನರನ್ನು ಸರಿಸಿಕೊಂಡು ಮುಂದೆ ಬಂದು ಕಾರ್ಯದರ್ಶಿಯನ್ನು ಪಕ್ಕಕ್ಕೆ ಸರಿಸಿದರು. "ಕರೆಂಟು ಹೇಳಿ ಕೇಳಿ ಹೋಗ್ತದಾ? ನಾ ಎಳೀತೀನಿ. ಯಾವಾಗ ಅಂತ ಹೇಳಲ್ಲ. ನೀ ಬರೀತಾ ಇರು."

ದಾಕ್ಷಾಯಿಣಕ್ಕ ಬರೆಯುತ್ತಲೇ ಇದ್ದರು. ಒಬ್ಬರ ಹೆಸರು, ಇನ್ನೊಬ್ಬರದು, ಮತ್ತೊಬ್ಬರದು. ವನಜಮ್ಮ ಸ್ವಿಚ್ಚಿನ ಮೇಲೆ ಕೈಯಿಟ್ಟು ಗೋಡೆ ನೋಡುತ್ತಾ ನಿಂತಿದ್ದರು. ಒಂದು ಎಂಟರ್ ಒತ್ತಿದ ಸದ್ದಿಗೂ ಪರದೆ ಬದಲಾಗುವುದಕ್ಕೂ ನಡುವೆ, ಸರಿಯಾಗಿ ಅದೇ ಗಳಿಗೆಗೆ, ಆ ಹೆಂಗಸು ಎಳೆದರು. ಎಲ್ಲ ಕಪ್ಪಾಯಿತು.

ಸ್ವಿಚ್ ಹಾಕಿದರು. ಕಂಪ್ಯೂಟರ್ ಎದ್ದಿತು, ಎದ್ದದ್ದೇ ನೀಲಿ ಪರದೆ ತೋರಿಸಿತು. ಸರಿಯಾಗಿ ಮುಚ್ಚದೆ ಇದ್ದರೆ ಹಳೆಯ ವಿಂಡೋಸ್ ಡಿಸ್ಕನ್ನು ತಪಾಸಣೆ ಮಾಡುವ ಪರದೆ ಅದು, ನಮಗೆ ದಿನಾ ಕಾಣುವಂಥದ್ದು. ಸಭೆಗೆ ಗೊತ್ತಿಲ್ಲವಲ್ಲ. "ಹೋಯ್ತು, ಕೆಟ್ಟೋಯ್ತು" ಅಂತ ಹಿಂದಿನ ಸಾಲು ಎದ್ದೇ ಬಿಟ್ಟಿತು. ಶಾಂತವೀರಪ್ಪನವರ ಕಣ್ಣು ಪುಸ್ತಕದ ಕಟ್ಟಿನ ಕಡೆ ಹೋಯಿತು. ದಾಕ್ಷಾಯಿಣಕ್ಕ ಹಿಂದೆ ತಿರುಗದೆ, "ಕೂತ್ಕಳ್ಳಿ. ಕಣ್ಣುಜ್ಜಿಕೊಳ್ತಿದೆ ಅಷ್ಟೆ," ಅಂದರು.

ನೀಲಿ ಹೋಯಿತು. ಪ್ರೋಗ್ರಾಂ ತೆರೆಯಿತು. ಪರದೆಯ ಮೇಲೆ ಕನ್ನಡದಲ್ಲಿ "ಉಳಿದ ಒಂದು ಚೀಟಿ ಲೆಕ್ಕಕ್ಕೆ ಸೇರಿದೆ" ಅಂತ ಬಂತು. ಮೇಷ್ಟ್ರು ಅದನ್ನು ಪಾಠ ಮಾಡುವ ದನಿಯಲ್ಲಿ ಗಟ್ಟಿಯಾಗಿ ಓದಿದರು. ಸುಬ್ಬಯ್ಯ ಕನ್ನಡಕ ಹಾಕಿಕೊಂಡು ಬಂದು ತಮ್ಮ ಹೆಸರನ್ನು ನೋಡಿಕೊಂಡರು, ಆಮೇಲೆ ಎಲ್ಲರ ಹೆಸರನ್ನೂ ಒಂದೊಂದಾಗಿ ಕೇಳಿದರು. ಯಾರದನ್ನು ಕೇಳಿದರೆ ಅವರದೇ ಬಂತು.

ವನಜಮ್ಮ ಇನ್ನೊಮ್ಮೆ ಎಳೆದರು. ಮತ್ತೂ ಒಮ್ಮೆ ಎಳೆದರು. ಆಮೇಲೆ ಸುಬ್ಬಯ್ಯ ತಾನೂ ಎಳೆಯುತ್ತೇನೆ ಅಂದರು. ಅಲ್ಲಿಗೆ ಸಾಲೇ ಹತ್ತಿತು. ಮುದುಕರು, ಹೆಂಗಸರು, ಅಧ್ಯಕ್ಷರು, ಎಲ್ಲರಿಗೂ ಒಮ್ಮೆ ಎಳೆಯಲೇಬೇಕು. ಪ್ರತಿ ಸಲ ಕಂಪ್ಯೂಟರ್ ಎದ್ದ ಮೇಲೆ ಚಪ್ಪಾಳೆ. ನಾವು ಹನ್ನೊಂದು ಜನ ಬೀಗುತ್ತಾ ನಿಂತಿದ್ದೆವು. ಜಾವಾಕ್ಕೂ ಲಿನಕ್ಸಿಗೂ ವಿಶುವಲ್ ಬೇಸಿಕ್ಕಿಗೂ ಜನ್ಮದಲ್ಲಿ ಯಾರೂ ಹಾಗೆ ಚಪ್ಪಾಳೆ ತಟ್ಟಿಲ್ಲ, ಬೇಕಾದರೆ ಬರೆದುಕೊಡುತ್ತೇನೆ.

ಕೊನೆಗೆ ವನಜಮ್ಮ ಸಭೆಗೆ ಹೇಳಿದರು. "ಇರ್ಲಿ ಇದು. ಆ ಪುಸ್ತಕ ಒಳಗಿಡಿ." ಶಾಂತವೀರಪ್ಪನವರು ತಾವೇ ಆ ಕಟ್ಟನ್ನು ಹೊತ್ತು ಒಳಕೋಣೆಗೆ ಹೋದರು. ಬರುವಾಗ ದಾಕ್ಷಾಯಿಣಕ್ಕನ ಬಳಿ ನಿಂತು, "ಇನ್ನು ಕರೆಂಟು ಹೋದ್ರೆ ನಿಮ್ಮ ಮನೆ ನಂಬರಿಗೇ ಫೋನ್ ಮಾಡ್ಲಾ ತಂಗಿ?" ಅಂತ ರೂಢಿಯಿಂದ ಕೇಳಿಬಿಟ್ಟರು.

"ಫೋನ್ ಎಂತಕ್ಕೆ? ಬರೋ ತನಕ ಕಾಯ್ರಿ, ಬಂದಮೇಲೆ ಬಟನ್ ಒತ್ತಿ. ನನ್ನ ಕೆಲಸಾನ ಆ ಕಂಪ್ಯೂಟರಿಗೇ ಕಲಿಸಿದೀನಿ," ಅಂದರು ದಾಕ್ಷಾಯಿಣಕ್ಕ. ಹೇಳುತ್ತಾ ಹೇಳುತ್ತಾ ಅವರಿಗೆ ಅಳು ಬಂತು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಮರುವರ್ಷದ ಮಳೆಗಾಲಕ್ಕೆ ಮೂರು ತಾಲ್ಲೂಕಿನ ಸಂಘ, ಗಿರಣಿ, ಅಂಗಡಿ ಎಲ್ಲ ಕಡೆ ನಮ್ಮ ಬಳಗದ ಚೀಟಿ ಪದ್ಧತಿ ಕೂತಿತ್ತು. ಜುಲೈಯಲ್ಲಿ ಒಂದು ಮಧ್ಯಾಹ್ನ ನಾನು ಬಾಳಗಡಿಗೆ ಹೋಗಿದ್ದೆ. ಹಿಂದಿನ ದಿನದ ಗಾಳಿಗೆ ಲೈನು ಮಲಗಿ ಎಲ್ಲೂ ಕರೆಂಟು ನಿಲ್ಲುತ್ತಿರಲಿಲ್ಲ. ಪರಮೇಶ್ವರಪ್ಪನವರು ಬೆಳಗ್ಗೆಯೇ ಹೊರಟುಹೋಗಿದ್ದರಂತೆ. ದಾಕ್ಷಾಯಿಣಕ್ಕ ಮನೆಯಲ್ಲೇ ಇದ್ದರು. ಅಂಥ ದಿನ ಅವರು ಮನೆಯಲ್ಲಿ ಇರುವುದನ್ನು ಆ ಬೀದಿ ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಊಟ ಮಾಡಿ ಚಾಪೆ ಹಾಸಿಕೊಂಡು ಫೋನಿನ ಪಕ್ಕದಲ್ಲಿ ಕೂತಿದ್ದರು. ನಾನು ಬಂದು ಕೂತರೂ ಅವರ ಕಣ್ಣು ಅದರ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು, ಬೆಳಗ್ಗೆಯಿಂದ ಒಂದು ಸಂಘದಿಂದಲೂ ಕರೆ ಬಂದಿರಲಿಲ್ಲ, ಫೋನೇ ಸತ್ತಿರಬಹುದು ಅಂತ.

"ಡಯಲ್ ಟೋನ್ ಬರ್ತಾ ಇದೆ ಮಾರಾಯ," ಅಂದರು ನನಗೆ. ರಿಸೀವರನ್ನು ನನ್ನ ಕಿವಿಗೂ ಹಿಡಿದರು. ಬರುತ್ತಿತ್ತು. ಅವರು ಅದನ್ನು ಕೆಳಗಿಟ್ಟು, ನಾನು ಎದುರಿಗಿದ್ದೇನೆ ಎಂಬುದನ್ನೂ ಲೆಕ್ಕಿಸದೆ ಚಾಪೆಯ ಮೇಲೆ ಕಾಲು ಚಾಚಿ ಮಲಗಿ ಹಾಯಾಗಿ ನಿದ್ದೆ ಹೋದರು. ನಾನು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.